ಅವ್ವನ ಪಟ್ಟಿ: ಮನೆಮಂದಿಯೆಲ್ಲ ಸೇರಿ ದೀಪಾವಳಿ ಮಾಡುವ ಬಗೆ

ಸರಕಾರಿ ಕ್ಯಾಲೆಂಡರ್‌ನಲ್ಲಿ ದೀಪಾವಳಿಗೆ ಎರಡು ಕೆಂಪು ಅಂಕಿ. ಒಂದು ನರಕ ಚತುರ್ದಶಿ, ಇನ್ನೊಂದು ಬಲಿಪಾಡ್ಯಮಿ. 2025ರಲ್ಲಿ ಅವು ಅಕ್ಟೋಬರ್ 20 ಮತ್ತು 22. ನಡುವಿನ 21 ಕಪ್ಪು, ಅಂದರೆ ಆಫೀಸು ಇದ್ದೇ ಇತ್ತು. ಆದರೆ ಮನೆಯಲ್ಲಿ ಕೆಲಸ ಬೀಳುವುದು ಆ ಕಪ್ಪು ದಿನಕ್ಕೆ ಮತ್ತು ಹಬ್ಬದ ಹಿಂದಿನ ಹತ್ತು ಕಪ್ಪು ದಿನಗಳಿಗೆ. ಕೆಂಪು ದಿನ ಬರುವಷ್ಟರಲ್ಲಿ ಮುಕ್ಕಾಲು ಹಬ್ಬ ಯಾರದೋ ಕೈಯಲ್ಲಿ ಮುಗಿದಿರುತ್ತದೆ.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಆ ಕೈ ಅವ್ವನದು. ಅಕ್ಕಿ ಯಾವತ್ತು ತೊಳೆಯಬೇಕು, ಪಣತಿ ಎಷ್ಟು ಹೊತ್ತು ನೆನೆಯಬೇಕು, ಪಾಡ್ಯದ ಪೂಜೆಗೆ ಸಗಣಿಯಲ್ಲಿ ಮಾಡುವ ಪಾಂಡವರಿಗೆ ಸಗಣಿ ಯಾರಿಗೆ ಹೇಳಬೇಕು, ಎಲ್ಲ ಅವಳ ತಲೆಯಲ್ಲಿ. ನಾವು ಗಂಡಸರು ಎಣ್ಣೆ ಹಚ್ಚಿಸಿಕೊಂಡು, ಆರತಿ ತಟ್ಟೆಗೆ ನೋಟು ಹಾಕಿ, ಹೋಳಿಗೆ ಉಂಡು ಮಲಗುತ್ತಿದ್ದೆವು. ಮೂರು ವರ್ಷದ ಹಿಂದೆ ಅವ್ವನ ಮೊಣಕಾಲು ಕೈಕೊಟ್ಟಿತು. ಆಗ ನೋಡಿದರೆ ನನ್ನ ಹೆಂಡತಿಗೆ ಅರ್ಧ ಗೊತ್ತು, ನನಗೆ ಏನೂ ಗೊತ್ತಿಲ್ಲ. ಅವ್ವ ಕುರ್ಚಿಯ ಮೇಲೆ ಕೂತು ಹೇಳುತ್ತ ಹೋದಳು, ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ಆ ಪಟ್ಟಿಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ, ನಾವು ಮಾಡಿದ ಎಡವಟ್ಟುಗಳನ್ನೂ ಸೇರಿಸಿ. ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ ಪದ್ಧತಿ ಬೇರೆ. ನಿಮ್ಮ ಮನೆಯ ಹಿರಿಯರು ಬೇರೆ ಹೇಳಿದರೆ ಅವರದ್ದೇ ಸರಿ.

ಮೊದಲು ಜನ, ಆಮೇಲೆ ಸಾಮಾನು

ಯಾರು ಬರುತ್ತಾರೆ, ಯಾವತ್ತು ಬರುತ್ತಾರೆ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಇರುವವರು ರೈಲಿಗೆ ಬರುವುದಾದರೆ ಟಿಕೆಟ್ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಇಳಿಸಿದರು. ದಸರೆಗೆ ಮುಂಚೆಯೇ ದೀಪಾವಳಿ ಟಿಕೆಟ್ ಮಾಡಿಸಬೇಕು ಅಂತ ಲೆಕ್ಕ. ಅದು ತಪ್ಪಿದರೆ ವಾಯವ್ಯ ಸಾರಿಗೆಯವರು ಹಬ್ಬಕ್ಕೆ ಹೆಚ್ಚುವರಿ ಬಸ್ ಬಿಡುತ್ತಾರೆ, ಅದನ್ನು ನೋಡಿ.

ಆಮೇಲೆ ಕೆಲಸ ಹಂಚಿ. ಇಲ್ಲಿ ಒಂದು ಮಾತು. "ಏನಾದರೂ ಹೆಲ್ಪ್ ಬೇಕಾದ್ರ ಹೇಳು" ಅನ್ನುವುದು ಕೆಲಸ ಹಂಚಿಕೊಂಡಂತೆ ಅಲ್ಲ. ನೆನಪಿಡುವ ಭಾರ ಮತ್ತೆ ಹೇಳುವವರ ತಲೆ ಮೇಲೇ ಉಳಿಯುತ್ತದೆ. ಒಂದು ಕೆಲಸವನ್ನು ಬುಡದಿಂದ ತುದಿವರೆಗೆ ಒಬ್ಬರಿಗೆ ಬಿಟ್ಟುಕೊಡಿ. ನಮ್ಮಲ್ಲಿ ಪಣತಿ ಅಂದರೆ ತಮ್ಮನ ಮಗಳದು. ತರುವುದು, ನೆನೆಸುವುದು, ಬತ್ತಿ ಹೊಸೆಯುವುದು, ಎಣ್ಣೆ ಹಾಕುವುದು, ಮರುದಿನ ಬೆಳಿಗ್ಗೆ ಜಿಡ್ಡು ತೊಳೆಯುವುದು, ಎಲ್ಲ ಅವಳೇ. ಆಕಾಶಬುಟ್ಟಿ ನನ್ನ ಮಗನದು. ಸಂತೆ ನನ್ನದು. ಚಕ್ಕಲಿ ಒತ್ತುವುದು ತಮ್ಮನದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಅವ್ವನಿಗೆ ಮೇಸ್ತ್ರಿ ಕೆಲಸ. ಮೊದಲ ವರ್ಷ ಅವಳಿಗೆ ಸುಮ್ನೆ ಕೂರುವುದು ಬಹಳ ಕಷ್ಟ ಆಯಿತು. "ನೀವು ಹಿಂಗ ಮಾಡಿದ್ರ ಹಬ್ಬ ಗೌರಿ ಹುಣ್ಣಿವಿಗೆ ಮುಗಿತೈತಿ" ಅಂತ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದಳು. ಗೌರಿ ಹುಣ್ಣಿಮೆ ಬರುವುದು ದೀಪಾವಳಿ ಆಗಿ ಹದಿನೈದು ದಿನಕ್ಕೆ.

ಹತ್ತು ದಿನ ಮೊದಲು

ಕೌದಿ, ಹಾಸಿಗೆ ಒಗೆಯುವುದು ದಸರೆಗೇ ಮುಗಿದಿದ್ದರೆ ಒಳ್ಳೆಯದು. ಈಗ ಅಟ್ಟ, ಫ್ಯಾನು, ಅಡುಗೆಮನೆಯ ಡಬ್ಬಿ ಇಷ್ಟೇ ಸಾಕು. ಇಡೀ ಮನೆ ಹೊರಗೆ ಹಾಕಿ ಕೂರಬೇಡಿ. ಹಿಂಗಾರು ಮಳೆ ಇದೇ ಹೊತ್ತಿಗೆ ಸಂಜೆ ಬರುತ್ತದೆ, ಒಮ್ಮೆ ನಮ್ಮ ಎರಡು ಗಾದಿ ಮಾಳಿಗೆ ಮೇಲೆ ನೆನೆದು ಹಬ್ಬವೆಲ್ಲ ವಾಸನೆ ಹೊಡೆದವು.

ಈ ಹತ್ತು ದಿನದಲ್ಲಿ ನಿಜವಾಗಿ ತಪ್ಪಿಸಬಾರದ ಕೆಲಸ ಚಕ್ಕಲಿ ಹಿಟ್ಟು. ಅವ್ವನ ಅಳತೆ ಹೀಗಿದೆ: 4 ಬಟ್ಟಲು ಅಕ್ಕಿಗೆ 2 ಬಟ್ಟಲು ಕಡಲೆಬೇಳೆ, 1 ಬಟ್ಟಲು ಉದ್ದಿನಬೇಳೆ, ಅರ್ಧ ಬಟ್ಟಲು ಹೆಸರುಬೇಳೆ. ಜೊತೆಗೆ ಒಂದೊಂದು ಹಿಡಿ ಕೊತ್ತಂಬರಿ ಬೀಜ, ಜೀರಿಗೆ. ಅಕ್ಕಿ ತೊಳೆದು ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿ. ಆಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಬೇಳೆ ಕೆಂಪಾಗಬಾರದು, ಬಿಸಿಯಾಗಿ ಘಮ್ ಅಂದರೆ ಸಾಕು. ಎಲ್ಲ ಒಟ್ಟಿಗೆ ಹುರಿದರೆ ಹೆಸರುಬೇಳೆ ಸುಟ್ಟಿರುತ್ತದೆ, ಕಡಲೆಬೇಳೆ ಹಸಿ ಇರುತ್ತದೆ.

ಗಿರಣಿಗೆ ಹೋದಾಗ ಒಂದು ಮಾತು ಕೇಳಿ: "ಈಗ ಏನು ಬೀಸ್ತಿದ್ರಿ?" ಗೋಧಿ ಬೀಸಿದ ಬೆನ್ನಿಗೇ ನಿಮ್ಮದು ಹಾಕಿದರೆ ಮೊದಲ ಎರಡು ಮುಷ್ಟಿ ಗೋಧಿ ಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ, ಚಕ್ಕಲಿ ನಾರಿನಂತೆ ಆಗುತ್ತದೆ. ಖಾರ ಕುಟ್ಟಿಸಿದ ಮೇಲಂತೂ ಬೇಡವೇ ಬೇಡ. ಅಕ್ಕಿ ಅಥವಾ ಕಡಲೆಬೇಳೆ ಬೀಸಿದ ಮೇಲೆ ಹಾಕಿಸಿ. ಹಬ್ಬದ ವಾರ ಗಿರಣಿ ಮುಂದೆ ಪಾಳಿ ಉದ್ದ ಇರುತ್ತದೆ, ಆಗ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಅದಕ್ಕೇ ಹತ್ತು ದಿನ ಮೊದಲು.

ಚಕ್ಕಲಿ ದಿನ

ನಾಲ್ಕು ದಿನ ಮುಂಚೆ ಒಂದು ರಜಾ ದಿನ ಹಿಡಿದು ಇದನ್ನು ಮಾಡಿ. ಕರಿದ ತಿಂಡಿಗಳೆಲ್ಲ ಅದೇ ದಿನ. ಒಂದೇ ಎಣ್ಣೆ, ಒಂದೇ ಸಲ ಒಲೆಯ ಮುಂದೆ ಬೆವರುವುದು.

2 ಬಟ್ಟಲು ಹಿಟ್ಟಿಗೆ ಉಪ್ಪು, ಎಳ್ಳು, ಅಜವಾನ, ಚಿಟಿಕೆ ಅರಿಶಿನ, ಬ್ಯಾಡಗಿ ಖಾರದ ಪುಡಿ. ಬ್ಯಾಡಗಿ ಯಾಕೆ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ, ಮಕ್ಕಳು ತಿನ್ನುತ್ತಾರೆ. ಈಗ 2 ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಸುರಿಯಿರಿ. ಚುಂಯ್ ಅನ್ನಬೇಕು. ಚಮಚದಿಂದ ಕಲಸಿ, ಆರಿದ ಮೇಲೆ ಕೈಯಿಂದ ತಿಕ್ಕಿ. ಒಂದು ಮುಷ್ಟಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಎಣ್ಣೆ ಸರಿ ಬಿತ್ತು ಅನ್ನುವುದಕ್ಕೆ ಇದೇ ಗುರುತು. ಆಮೇಲೆ ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಿ.

ಒತ್ತುವ ಮುಂಚೆ ಒಂದು ಹಿಡಿ ಹಿಟ್ಟನ್ನು ಮತ್ತೆ ನಾದಿ ಅಚ್ಚಿಗೆ ತುಂಬಿ. ಹಿತ್ತಾಳೆಯ ಹಳೆ ಅಚ್ಚು ಒತ್ತಲು ರಟ್ಟೆ ಬೇಕು. ಈ ಕೆಲಸ ತಮ್ಮನಿಗೆ ಬಿದ್ದದ್ದು ಅದಕ್ಕೇ, ಜಿಮ್‌ಗೆ ಹೋಗುವವನು ಅವನೊಬ್ಬನೇ. ಮೂರನೇ ಚಕ್ಕಲಿಗೇ "ಏ ಅಣ್ಣಾ, ನೀ ಸ್ವಲ್ಪ ಹಿಡಿ" ಅಂದ. ಅವ್ವ ನಲವತ್ತು ವರ್ಷ ಒತ್ತಿದ್ದು ಇದನ್ನೇ.

ಇನ್ನು ಸೋಲುವ ಜಾಗಗಳು. ಒತ್ತುವಾಗ ತುಂಡಾಗುತ್ತಿದ್ದರೆ ನೀರು ಕಡಿಮೆ. ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿ. ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿ ಕರಗಿ ಹೋದರೆ ಕಾಯ್ದ ಎಣ್ಣೆ ಜಾಸ್ತಿ ಬಿದ್ದಿದೆ. ಇನ್ನಷ್ಟು ಒಣ ಹಿಟ್ಟು ಸೇರಿಸಿ. ಕರಿದಾಗ ಗರಿಗರಿ ಇದ್ದು ಮರುದಿನ ಮೆತ್ತಗಾದರೆ ಉರಿ ಜೋರಿತ್ತು, ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದಿದೆ. ಎಣ್ಣೆ ಕಾದ ಮೇಲೆ ಉರಿ ನಡುಮಟ್ಟಕ್ಕೆ ಇಳಿಸಿ. ಚಕ್ಕಲಿ ಸುತ್ತ ನೊರೆ ಏಳುತ್ತಿರುತ್ತದೆ, ಸದ್ದು ಇರುತ್ತದೆ. ನೊರೆ ಇಳಿದು ಸದ್ದು ನಿಂತರೆ ಬೆಂದಿದೆ. ಬಣ್ಣ ನೋಡಬೇಡಿ, ಸದ್ದು ಕೇಳಿ. ಅವ್ವ ಪಡಸಾಲೆಯಲ್ಲಿ ಕೂತೇ "ತಗೀರಿ, ಆತು" ಅನ್ನುತ್ತಾಳೆ. ಮೊದಮೊದಲು ಏನೋ ಜಾದೂ ಅನ್ನಿಸಿತ್ತು.

ಒಂದು ವರ್ಷ ಇಷ್ಟೆಲ್ಲ ಯಾಕೆ ಅಂತ ಅಂಗಡಿಯಿಂದ ರೆಡಿ ಹಿಟ್ಟು ತಂದೆ. ಅದರಲ್ಲಿ ಎಷ್ಟು ದಿನದ ಹಿಟ್ಟು ಬೆರೆತಿತ್ತೋ, ಒಂದೂ ಸುತ್ತು ನಿಲ್ಲಲಿಲ್ಲ. ಕೊನೆಗೆ ಉದ್ದುದ್ದ ಕರಿದು "ಖಾರಾಸೇವು" ಅಂತ ಹೆಸರಿಟ್ಟು ಮಕ್ಕಳಿಗೆ ಕೊಟ್ಟೆವು.

ಕರ್ಚಿಕಾಯಿ, ಶಂಕರಪಾಳಿ ಇದಾದ ಮೇಲೆ. ಕರ್ಚಿಕಾಯಿಗೆ ಒಣಕೊಬ್ಬರಿ, ಪುಟಾಣಿ ಹಿಟ್ಟು, ಸಕ್ಕರೆ ಪುಡಿ, ಗಸಗಸೆ, ಏಲಕ್ಕಿ. ಅಂಚಿಗೆ ಹಾಲು ಸವರಿ ಮುಚ್ಚಿ, ತುಂಬಿಟ್ಟವುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ. ಅಂಚು ಒಣಗಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತವೆ, ಒಂದು ಬಾಯಿ ಬಿಟ್ಟರೂ ಇಡೀ ಎಣ್ಣೆ ಹಾಳು. ಅವಲಕ್ಕಿ ಚೂಡಾಕ್ಕೆ ತೆಳು ಅವಲಕ್ಕಿಯನ್ನು ಒಂದು ಹೊತ್ತು ಬಿಸಿಲಿಗೆ ಹಾಕಿದರೆ ಸಾಕು, ಕರಿಯುವುದೇ ಬೇಡ. ಎಣ್ಣೆ ಬಾಣಲೆಗೆ ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಗ್ಯಾಸ್ ಬಂದ್ ಮಾಡಿ, ದೊಡ್ಡ ಮುಚ್ಚಳ ಮುಚ್ಚಿ.

ಸಂತೆ, ಪಣತಿ, ಆಕಾಶಬುಟ್ಟಿ

ಎಲ್ಲ ಒಂದೇ ದಿನ ತರಲು ಹೋಗಬೇಡಿ. ಕಿರಾಣಿ ಹತ್ತು ದಿನ ಮೊದಲು, ಬಟ್ಟೆ ಅದಕ್ಕೂ ಮೊದಲು. ಪಣತಿ, ಆಕಾಶಬುಟ್ಟಿ, ಹಂಡೆಗೆ ಬಳಿಯುವ ಕೆಮ್ಮಣ್ಣು ಮೂರು ದಿನ ಮೊದಲು. ಹೂ, ಬಾಳೆಕಂಬ, ಕಬ್ಬು, ಹಣ್ಣು ಅಮಾವಾಸ್ಯೆಯ ಬೆಳಿಗ್ಗೆ. ದುರ್ಗದಬೈಲ್, ಜನತಾ ಬಜಾರ್ ಕಡೆ ಬೆಳಿಗ್ಗೆ ಆರಕ್ಕೆ ಹೋದರೆ ಚೆಂಡು ಹೂವಿನ ರಾಶಿಯ ನಡುವೆ ಆರಾಮಾಗಿ ಓಡಾಡಬಹುದು. ಹನ್ನೊಂದಕ್ಕೆ ಹೋದರೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಧಾರವಾಡದವರಿಗೆ ಸುಭಾಸ ರಸ್ತೆಯೂ ಅಷ್ಟೇ.

ಪಣತಿಯನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ಬೋರಲು ಹಾಕಿ ಒಣಗಿಸಿ. ಒಣ ಮಣ್ಣು ಎಣ್ಣೆ ಕುಡಿಯುತ್ತದೆ, ನೆನೆದದ್ದು ಅಷ್ಟು ಕುಡಿಯುವುದಿಲ್ಲ. ಸಣ್ಣ ಪಣತಿಗೆ ಎರಡು ಚಹಾ ಚಮಚ, ಅಂದರೆ ಸುಮಾರು 10 ಮಿಲಿ ಎಣ್ಣೆ. ಸಂಜೆಗೆ 25 ಪಣತಿ ಅಂದುಕೊಂಡರೆ ನಾಲ್ಕು ಸಂಜೆಗೆ 1 ಲೀಟರ್. ಕಿಟಕಿಯ ಒಳಗಟ್ಟೆ ಮೇಲೆ ಇಡಬೇಡಿ. ನಮ್ಮ ಪರದೆಯ ಒಂದು ಮೂಲೆ ಇನ್ನೂ ಕಂದು ಬಣ್ಣದಲ್ಲೇ ಇದೆ.

ಬತ್ತಿ ಕೊಳ್ಳಬೇಡಿ. ಹತ್ತಿ ಬೆಳೆಯುವ ಸೀಮೆಯಲ್ಲಿದ್ದು ಪ್ಯಾಕೆಟ್ ಬತ್ತಿ ತಂದರೆ ಅವ್ವನಿಗೆ ಸಿಟ್ಟು ಬರುತ್ತದೆ. ಅರಳೆ ತಂದು ಟಿವಿ ನೋಡುತ್ತ ಹೊಸೆದರೆ ಒಂದು ಸಂಜೆಗೆ ಇಡೀ ಹಬ್ಬದ ಬತ್ತಿ ಆಗುತ್ತವೆ.

ಆಕಾಶಬುಟ್ಟಿಗೆ ಬಿದಿರು ಕಡ್ಡಿ, ಬಣ್ಣದ ಹಾಳೆ, ಅಂಟು, ದಾರ. ಚೌಕಟ್ಟು ಕಟ್ಟುವಾಗ ಮೂಲೆಗಳನ್ನು ದಾರದಿಂದ ಬಿಗಿಯಿರಿ, ಅಂಟಿನ ಮೇಲೆ ನಂಬಿಕೆ ಬೇಡ. ಒಳಗೆ ಎಲ್‌ಇಡಿ ಬಲ್ಬು ಮಾತ್ರ, ಹಳೇ ಬಲ್ಬು ಕಾದರೆ ಹಾಳೆ ಹತ್ತಿಕೊಳ್ಳುತ್ತದೆ. ವೈರಿನ ಭಾರದ ಮೇಲೆ ಬುಟ್ಟಿ ತೂಗಬಾರದು, ಬೇರೆ ಹಗ್ಗ ಕಟ್ಟಿ.

ತ್ರಯೋದಶಿ ಸಂಜೆ: ನೀರು ತುಂಬುವುದು

ನಮ್ಮ ಕಡೆ ಹಬ್ಬ ನಿಜವಾಗಿ ಶುರುವಾಗುವುದು ಬಚ್ಚಲುಮನೆಯಲ್ಲಿ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕೊರಳಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲ ಬಳ್ಳಿಯನ್ನೋ ಮಾಲಿಂಗನ ಬಳ್ಳಿಯನ್ನೋ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಹೊಸ ನೀರು ತುಂಬಬೇಕು. ಕೊಡ, ಬಿಂದಿಗೆ, ತಂಬಿಗೆ ಎಲ್ಲ ತುಂಬಿಡಬೇಕು.

ಹೊಸ ನೀರು ಅಂದೆನಲ್ಲ, ಅಲ್ಲೇ ಇರುವುದು ಪಂಚಾಯತಿ. ಅವಳಿ ನಗರಕ್ಕೆ ಬರುವುದು ನವಿಲುತೀರ್ಥದ ಮಲಪ್ರಭೆ ನೀರು. ಕೆಲವು ಓಣಿಗಳಿಗೆ ದಿನವೂ ಉಂಟು, ನಮ್ಮಂಥ ಓಣಿಗಳಿಗೆ ವಾರಕ್ಕೊಮ್ಮೆ. ನಳ ಬರುವ ದಿನ ಪಂಚಾಂಗ ನೋಡಿ ಬರುವುದಿಲ್ಲ. ಅದಕ್ಕೆ ಎರಡು ವಾರ ಮೊದಲೇ ಪಾಳಿ ಎಣಿಸಿ. ತ್ರಯೋದಶಿಗೆ ಬರುವುದಿಲ್ಲ ಅಂತ ಗೊತ್ತಾದರೆ ಹಿಂದಿನ ಪಾಳಿಯಲ್ಲೇ ಎರಡು ಕೊಡ ಮುಚ್ಚಿ ಬೇರೆ ಇಟ್ಟು, ಆ ಸಂಜೆ ಅದನ್ನೇ ಹಂಡೆಗೆ ಸುರಿದು ಪೂಜೆ ಮಾಡಿ. ಮನೆಗೆ ಹತ್ತು ಜನ ಬರುವುದಿದ್ದರೆ ಟ್ಯಾಂಕರ್ ಹೇಳುವುದನ್ನೂ ಆವತ್ತೇ ಮುಗಿಸಿ.

ಹಂಡೆ ಇಲ್ಲದ ಫ್ಲ್ಯಾಟ್‌ನವರು ಗೀಸರ್‌ಗೆ ಬಳ್ಳಿ ಕಟ್ಟಬೇಕಾಗಿಲ್ಲ. ಒಂದು ತಾಮ್ರದ ಕೊಡಕ್ಕೆ ಬಳ್ಳಿ ಸುತ್ತಿ ಬಚ್ಚಲಲ್ಲಿ ತುಂಬಿಡಿ. ಬೆಳಿಗ್ಗೆ ಪ್ರತಿಯೊಬ್ಬರ ಬಕೆಟ್‌ಗೆ ಅದರಿಂದ ಒಂದೊಂದು ತಂಬಿಗೆ ಹಾಕಿದರೆ ಆಯಿತು. ತಮ್ಮನ ಬೆಂಗಳೂರು ಮನೆಯಲ್ಲಿ ಹಾಗೇ ಮಾಡುತ್ತಾರೆ, ಅವ್ವ ಒಪ್ಪಿಕೊಂಡಿದ್ದಾಳೆ.

ಚತುರ್ದಶಿ: ಬೆಳಗಿನ ನಾಲ್ಕೂವರೆ

ಸೂರ್ಯ ಹುಟ್ಟುವ ಮೊದಲು ಎಣ್ಣೆ ನೀರು ಆಗಬೇಕು. ಹತ್ತು ಜನ, ಒಂದು ಬಚ್ಚಲು. ತಲೆಗೆ ಹತ್ತು ನಿಮಿಷ ಹಿಡಿದರೂ ನೂರು ನಿಮಿಷ. ಅಂದರೆ ಮೊದಲನೆಯವರು ನಾಲ್ಕೂವರೆಗೆ ಏಳಬೇಕು. ಪಾಳಿಯನ್ನು ಹಿಂದಿನ ರಾತ್ರಿಯೇ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿ. ದೊಡ್ಡವರು ಮೊದಲು, ಮಕ್ಕಳು ನಡುವೆ, ಎಬ್ಬಿಸಲು ಬಾರದ ಕಾಲೇಜು ಹುಡುಗರು ಕೊನೆಗೆ. "ಏಳೋ ತಮ್ಮಾ, ಹೊತ್ತು ಹುಟ್ಟಿದ ಮ್ಯಾಲೆ ಜಳಕ ಮಾಡಿದ್ರ ನರಕಕ್ಕ ಹೋಗ್ತಿ" ಅಂತ ಅವ್ವ ನನ್ನನ್ನು ಎಬ್ಬಿಸುತ್ತಿದ್ದಳು. ಈಗ ಅದೇ ಮಾತು ನನ್ನ ಮಗನಿಗೆ ಹೇಳಿದರೆ "ಅಲ್ಲಿ ನೆಟ್‌ವರ್ಕ್ ಸಿಗತೈತೇನ ಆಯಿ?" ಅಂತಾನೆ.

ಕೊಬ್ಬರಿ ಎಣ್ಣೆಯೋ ಕುಸುಬಿ ಎಣ್ಣೆಯೋ, ಒಂದು ಬಟ್ಟಲಲ್ಲಿ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಉಗುರುಬೆಚ್ಚಗೆ ಆಗುತ್ತದೆ. ಮಣೆ ಹಾಕಿ, ಕುಂಕುಮ ಹಚ್ಚಿ, ನೆತ್ತಿಗೆ ಮೊದಲು ಎಣ್ಣೆ. ಆಮೇಲೆ ಕಿವಿ ಹಿಂದೆ, ಬೆನ್ನು, ಅಂಗಾಲು. ಎಣ್ಣೆ ಹಚ್ಚುವುದು ಹೆಂಗಸರ ಕೆಲಸ ಅಂತ ನಡೆದು ಬಂದಿದೆ. ನಮ್ಮಲ್ಲಿ ಈಗ ಅವ್ವನ ಮೊಣಕಾಲಿಗೆ ನಾನು ತಿಕ್ಕುತ್ತೇನೆ. ಮೊದಲ ಸಲ "ನೀ ಬ್ಯಾಡೋ" ಅಂದಳು, ಮುಂದಿನ ವರ್ಷ ತಾನೇ ಸೀರೆ ಮಡಚಿಕೊಂಡು ಕಾಲು ಚಾಚಿದಳು. ಸೀಗೆಪುಡಿ, ಹೆಸರುಹಿಟ್ಟು ಕಲಸಿ ಉಜ್ಜಿ. ಪ್ರತಿ ಇಬ್ಬರ ಜಳಕ ಆದ ಮೇಲೆ ಬಚ್ಚಲ ನೆಲಕ್ಕೆ ಒಂದು ಹಿಡಿ ಕಡಲೆಹಿಟ್ಟು ಉದುರಿಸಿ ಬ್ರಷ್ ಹೊಡೆಯಿರಿ. ಎಣ್ಣೆ ಬಿದ್ದ ನೆಲದಲ್ಲಿ ವಯಸ್ಸಾದವರು ಜಾರಿದರೆ ಹಬ್ಬ ಆಸ್ಪತ್ರೆಯಲ್ಲೇ.

ಜಳಕ ಆದ ಮೇಲೆ ಹೊಸ ಬಟ್ಟೆ, ಸಾಲಾಗಿ ಕೂರಿಸಿ ಆರತಿ. ತಟ್ಟೆಗೆ ಬೀಳುವ ದುಡ್ಡು ಆರತಿ ಮಾಡಿದವರದು. ಈಗೀಗ ಕೆಲವರು ಫೋನಲ್ಲೇ ಕಳಿಸುತ್ತಾರೆ. ನನ್ನ ಮಾತು ಕೇಳಿದರೆ ಹತ್ತರ ನೋಟಾದರೂ ಸರಿ, ಬ್ಯಾಂಕಿನಿಂದ ಹೊಸ ನೋಟು ತಂದು ತಟ್ಟೆಗೆ ಹಾಕಿ. ಚಿಕ್ಕ ಹುಡುಗಿಯರು ಸಂಜೆವರೆಗೆ ಎಣಿಸುತ್ತ ಕೂರುವುದು ಅದನ್ನೇ.

ಅಮಾವಾಸ್ಯೆ

ಲಕ್ಷ್ಮೀಪೂಜೆ ಯಾವತ್ತು ಅನ್ನುವುದು ಕೆಲವು ವರ್ಷ ಗೊಂದಲ. 2025ರಲ್ಲಿ ಅಮಾವಾಸ್ಯೆ 20ರ ಮಧ್ಯಾಹ್ನ ಹಿಡಿದು 21ರ ಸಂಜೆಗೆ ಬಿಟ್ಟಿತು. ಕೆಲವರು ಸೋಮವಾರ ಮಾಡಿದರು, ಕೆಲವರು ಮಂಗಳವಾರ. ಮನೆಮಂದಿಯನ್ನು ಒಟ್ಟುಗೂಡಿಸುವವರು ಇದನ್ನು ತಿಂಗಳ ಮೊದಲೇ ನಿಮ್ಮ ಮನೆಯ ಹಿರಿಯರ ಹತ್ತಿರ ಕೇಳಿ ಎಲ್ಲರಿಗೂ ತಿಳಿಸಿ. ಇಲ್ಲದಿದ್ದರೆ ಒಬ್ಬರು ಪೂಜೆ ಮುಗಿದ ಮೇಲೆ ಬಂದು ಇಳಿಯುತ್ತಾರೆ.

ಪೂಜೆಯ ಬಗ್ಗೆ ಉದ್ದ ಬರೆಯುವುದಿಲ್ಲ, ಅದು ನಿಮ್ಮ ಮನೆ ಪದ್ಧತಿ. ಬಾಳೆಕಂಬ, ಕಬ್ಬು, ಚೆಂಡು ಹೂ, ತುಂಬಿದ ಕೊಡಕ್ಕೆ ಸೀರೆ ಉಡಿಸಿ ಲಕ್ಷ್ಮಿ, ಪಕ್ಕದಲ್ಲಿ ಹೊಸ ಕಸಬರಿಗೆ. ಸೀರೆ ಉಡಿಸುವುದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ, ನೆರಿಗೆಯನ್ನು ಹಿಂದಿನ ದಿನವೇ ಮಡಚಿ ಪಿನ್ ಹಾಕಿಟ್ಟರೆ ಅರ್ಧ ಗಂಟೆ. ಹುಬ್ಬಳ್ಳಿ ವ್ಯಾಪಾರದ ಊರು. ಮನೆಯಲ್ಲಿ ಒಬ್ಬರಿಗಾದರೂ ಅಂಗಡಿ ಪೂಜೆಗೆ ಕರೆ ಇರುತ್ತದೆ, ಅವರು ಚುರಮರಿ, ಬತ್ತಾಸು, ಪೇಢೆ ಹಿಡಿದುಕೊಂಡು ರಾತ್ರಿ ಹತ್ತಕ್ಕೆ ಬರುತ್ತಾರೆ. ಮನೆಯ ಪೂಜೆಯನ್ನು ಏಳಕ್ಕೆ ಮುಗಿಸಿಬಿಡಿ.

ನನ್ನ ತಂಗಿ ಇರುವುದು ಗದಗ ಜಿಲ್ಲೆಯ ಒಂದು ಊರಲ್ಲಿ, ಪಕ್ಕದಲ್ಲೇ ಲಂಬಾಣಿ ತಾಂಡಾ. ಆ ರಾತ್ರಿ ತಾಂಡಾದ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡಿ ಹರಸುತ್ತಾರೆ, ಅದಕ್ಕೆ ಮೇರಾ ಅನ್ನುತ್ತಾರೆ. ಒಮ್ಮೆ ಹಬ್ಬವನ್ನು ತಂಗಿಯ ಮನೆಯಲ್ಲಿ ಮಾಡಿದಾಗ ಮಕ್ಕಳು ಪಟಾಕಿ ಮರೆತು ಅದನ್ನೇ ನೋಡುತ್ತ ನಿಂತಿದ್ದರು.

ಪಟಾಕಿ ವಿಷಯ ಚುಟುಕಾಗಿ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಹೇಳಿದಂತೆ ಹಸಿರು ಪಟಾಕಿ ಮಾತ್ರ, ರಾತ್ರಿ 8ರಿಂದ 10 ಮಾತ್ರ. ಡಬ್ಬಿಯ ಮೇಲೆ ಹಸಿರು ಪಟಾಕಿಯ ಗುರುತು ಮತ್ತು ಕ್ಯೂಆರ್ ಕೋಡ್ ನೋಡಿ ತನ್ನಿ. ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಸುರುಸುರುಬತ್ತಿ ಆರಿದ ಮೇಲೂ ತಂತಿ ಕಾದಿರುತ್ತದೆ, ನೀರಿನ ಬಕೆಟ್‌ಗೆ ಹಾಕಿಸಿ. ಹತ್ತದ ಪಟಾಕಿಯ ಮೇಲೆ ಬಗ್ಗಿ ನೋಡುವವರು ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಹಿಡಿದುಕೊಳ್ಳಿ. ಸುಟ್ಟರೆ ನಳದ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಟೂತ್‌ಪೇಸ್ಟ್, ಐಸು ಬೇಡ. ಕಣ್ಣಿಗೆ ಸಿಡಿದರೆ ಉಜ್ಜದೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ. ಆಂಬುಲೆನ್ಸ್‌ಗೆ 108.

ಪಾಡ್ಯ: ಪಾಂಡವರು

ನನ್ನ ಮಟ್ಟಿಗೆ ದೀಪಾವಳಿ ಅಂದರೆ ಈ ಬೆಳಗು. ಬೇರೆ ಸೀಮೆಯ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಸಗಣಿಯಿಂದ ಪಾಂಡವರನ್ನು ಮಾಡಿ ಹೊಸ್ತಿಲಿಗೆ, ಅಡುಗೆಮನೆಗೆ, ತುಳಸಿಕಟ್ಟೆಗೆ ಇಟ್ಟು ಪೂಜೆ ಮಾಡುವ ಹಬ್ಬ. ಹಳ್ಳಿ ಕಡೆ ಇದಕ್ಕೆ ಹಟ್ಟಿ ಹಬ್ಬ ಅನ್ನುತ್ತಾರೆ, ದನದ ಕೊಟ್ಟಿಗೆಯಲ್ಲಿ ಹಟ್ಟೆವ್ವನನ್ನೂ ಕೂರಿಸುತ್ತಾರೆ.

ಮಾಡುವ ಬಗೆ ಹೇಳುತ್ತೇನೆ. ಊರಲ್ಲಿ ಸಗಣಿಗೆ ಪರದಾಡುವಂತಿಲ್ಲ, ಪೇಟೆಯಲ್ಲಿ ಮೊದಲೇ ಹೇಳಬೇಕು. ಹಾಲು ಹಾಕುವ ಗೌಳಿಗರಿಗೆ ಎರಡು ದಿನ ಮೊದಲೇ "ಆಕಳ ಸಗಣಿ ಒಂದು ಬುಟ್ಟಿ ಬೇಕ್ರಿ" ಅಂತ ಹೇಳಿಡಿ. ಪಾಡ್ಯದ ದಿನ ಅವರಿಗೂ ಪುರುಸೊತ್ತಿಲ್ಲ. ಎಮ್ಮೆಗಳ ಕೊಂಬಿಗೆ ಬಣ್ಣ ಬಳಿದು ಸಿಂಗರಿಸಿ ಓಡಿಸುವ ಸಂಭ್ರಮ ಅವರದು.

ಸಗಣಿ ಹಸಿ ಇರಬೇಕು, ನೀರಾಗಿರಬಾರದು. ಸಡಿಲ ಅನ್ನಿಸಿದರೆ ಒಂದು ಮುಷ್ಟಿ ಹೊಟ್ಟು ಸೇರಿಸಿ ನಾದಿ. ನಿಂಬೆಹಣ್ಣಿನಷ್ಟು ತೆಗೆದುಕೊಂಡು ಕೆಳಗೆ ಅಗಲ, ಮೇಲೆ ಚೂಪು ಬರುವಂತೆ ಒತ್ತಿ. ನೆತ್ತಿಯ ಮೇಲೆ ಬೆರಳಿಂದ ಸಣ್ಣ ಕುಳಿ ಮಾಡಿ, ಅದರಲ್ಲಿ ಮೊಸರು ಹಾಕುವುದು ಆಮೇಲೆ. ಒಂದೊಂದು ಜಾಗಕ್ಕೆ ಐದು. ನಮ್ಮ ಮನೆಗೆ ಆರು ಜಾಗ, ಮೂವತ್ತು ಪಾಂಡವರು. ಮಕ್ಕಳನ್ನು ಕೂರಿಸಿ. ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಹತ್ತು ನಿಮಿಷ ಆದ ಮೇಲೆ ಭೀಮ ಯಾರು ಮಾಡಬೇಕು ಅಂತ ಜಗಳ ಶುರು. ನಮ್ಮಲ್ಲಿ ಒಂದು ವರ್ಷ ಭೀಮನಿಗೆ ಮೀಸೆ ಬಂದಿತ್ತು.

ಸಿಂಗಾರಕ್ಕೆ ಉತ್ತರಾಣಿ ಕಡ್ಡಿ, ಚೆಂಡು ಹೂ, ಹೊನ್ನಂಬರಿ ಹೂ, ಹೊಲದಲ್ಲಿ ಸಿಕ್ಕರೆ ಗುರೆಳ್ಳಿನ ಹಳದಿ ಹೂ. ಉತ್ತರಾಣಿ ಪೇಟೆಯಲ್ಲಿ ಕೊಳ್ಳಬೇಕಿಲ್ಲ, ಖಾಲಿ ಸೈಟುಗಳ ಅಂಚಲ್ಲಿ ತಾನೇ ಬೆಳೆದಿರುತ್ತದೆ. ಹಿಂದಿನ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಗುರುತು ಹಿಡಿಸಿ. ಅದರ ಬೀಜ ಪ್ಯಾಂಟಿಗೆ ಅಂಟಿಕೊಂಡೇ ಮನೆಗೆ ಬರುತ್ತದೆ. ಕಡ್ಡಿಯನ್ನು ನೆತ್ತಿಗೆ ಚುಚ್ಚಿ, ಸುತ್ತ ಹೂ ಸಿಗಿಸಿ, ಅರಿಶಿನ ಕುಂಕುಮ ಹಚ್ಚಿ, ಮೊಸರು ಹಾಕಿ. ಟೈಲ್ಸ್ ನೆಲದವರು ಬಾಳೆಎಲೆಯ ತುಂಡಿನ ಮೇಲೆ ಇಡಿ, ಎತ್ತಲು ಸುಲಭ. ಫ್ಲ್ಯಾಟ್‌ನಲ್ಲಿ ಐದೇ ಸಾಕು, ಒಂದು ತಟ್ಟೆಯಲ್ಲಿ ಬಾಗಿಲ ಒಳಗೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಹೋಳಿಗೆಯನ್ನೂ ಕೊಡಿ.

ಹೋಳಿಗೆ ಆವತ್ತಿನ ಊಟ. ಅರ್ಧ ಕಿಲೋ ಕಡಲೆಬೇಳೆಗೆ ಅರ್ಧ ಕಿಲೋ ಬೆಲ್ಲ, 20-25 ಹೋಳಿಗೆ. ಬೇಳೆ ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು. ಬಸಿದ ಕಟ್ಟು ಚೆಲ್ಲಬೇಡಿ, ಅದರದ್ದೇ ಸಾರು. ಆ ಸಾರು ಮರುದಿನ ಇನ್ನೂ ರುಚಿ, ಅದಕ್ಕೆ ದೊಡ್ಡ ಪಾತ್ರೆಯಲ್ಲೇ ಮಾಡಿ.

ಮಧ್ಯಾಹ್ನ ಊಟ ಆದ ಮೇಲೆ ಹುಡುಗರು ಹಾವೇರಿ ಕಡೆ ಹೋರಿ ಬೆದರಿಸುವುದು ನೋಡಲು ಹೋಗೋಣ ಅಂತಾರೆ. ಕೊಬ್ಬರಿ ಸರ ಕಟ್ಟಿಕೊಂಡು ಹೋರಿ ಓಡಿ ಬರುವುದು ನೋಡಲು ಚಂದವೇ. ಆದರೆ ಪ್ರಾಣ ಹೋದದ್ದೂ ಉಂಟು. ಕರೆದುಕೊಂಡು ಹೋಗುವುದಾದರೆ ಓಣಿಯ ಅಂಚಲ್ಲಿ ನಿಲ್ಲದೆ ಯಾರದಾದರೂ ಮಾಳಿಗೆ ಮೇಲೆ ಜಾಗ ಕೇಳಿ. ಊರವರು ಇಲ್ಲ ಅನ್ನುವುದಿಲ್ಲ, ಚಹಾನೂ ಕೊಡುತ್ತಾರೆ.

ಆಮೇಲಿನ ದಿನಗಳು

ಬಿದಿಗೆ, ತದಿಗೆ ಅಕ್ಕತಂಗಿಯರ ದಿನ. ಹೊಸದಾಗಿ ಮದುವೆಯಾದ ಮಗಳು, ಅಳಿಯ ಇದ್ದರೆ ಮೊದಲ ದೀಪಾವಳಿಗೆ ಕರೆಯಲು ಮನೆಯವರೇ ಹೋಗಬೇಕು, ಫೋನಿನಲ್ಲಿ ಕರೆದರೆ ಬೀಗರು ಆ ಮಾತು ವರ್ಷಗಟ್ಟಲೆ ಎತ್ತುತ್ತಾರೆ. ಅಳಿಯನಿಗೆ ಬಟ್ಟೆ, ಮಗಳಿಗೆ ಉಡಿ ತುಂಬುವ ಸಾಮಾನು ಸಂತೆಯ ಪಟ್ಟಿಯಲ್ಲಿ ಮೊದಲೇ ಸೇರಿಸಿ. ತಂಗಿ ಹೊರಟು ನಿಂತಾಗ ಡಬ್ಬಿಗೆ ತಿಂಡಿ ತುಂಬಿಕೊಡುವುದು ನಮ್ಮಲ್ಲಿ ಈಗ ನನ್ನ ಕೆಲಸ. ಉಂಡಿ ಕೆಳಗೆ, ಚಕ್ಕಲಿ ಮೇಲೆ, ನಡುವೆ ಹಾಳೆ. ಚೂಡಾಕ್ಕೆ ಬೇರೆ ಡಬ್ಬಿ, ಇಲ್ಲದಿದ್ದರೆ ಬಸ್ ಇಳಿಯುವಷ್ಟರಲ್ಲಿ ಎಲ್ಲ ಚೂಡಾನೇ.

ಪಾಂಡವರನ್ನು ಎಸೆಯಬೇಡಿ. ಹೂ ತೆಗೆದು, ತಟ್ಟಿ ಮಾಳಿಗೆ ಮೇಲೆ ಒಣಗಿಸಿದರೆ ಕುಳ್ಳು. ಅವನ್ನು ಕಟ್ಟಿಟ್ಟು ಮುಂದಿನ ವರ್ಷ ಹಂಡೆಯ ಒಲೆಗೆ ಹಾಕುತ್ತೇವೆ. ಆಕಾಶಬುಟ್ಟಿ ತುಳಸಿ ಲಗ್ನದವರೆಗೆ ಇರಲಿ. ಇಳಿಸಿದಾಗ ಹಾಳೆ ಹರಿದಿದ್ದರೆ ಹರಿದು ಹಾಕಿ, ಬಿದಿರಿನ ಚೌಕಟ್ಟು ಅಟ್ಟಕ್ಕೆ. ಚಕ್ಕಲಿ ಅಚ್ಚನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಬಿಲ್ಲೆಗಳನ್ನು ಅದರೊಳಗೇ ಹಾಕಿ ಬಟ್ಟೆಯಲ್ಲಿ ಕಟ್ಟಿ. ನಕ್ಷತ್ರದ ಬಿಲ್ಲೆ ಕಳೆದು ಹೋದರೆ ಆ ಅಳತೆಯದು ಮತ್ತೆ ಸಿಗುವುದಿಲ್ಲ.

ಕೊನೆಗೆ ಅದೇ ಕ್ಯಾಲೆಂಡರ್ ಹಾಳೆ ತೆಗೆದು ಈ ವರ್ಷದ ಲೆಕ್ಕ ಬರೆಯಿರಿ. ಏನು ಉಳಿಯಿತು, ಏನು ಸಾಲಲಿಲ್ಲ. ನಮ್ಮ ಹಾಳೆಯಲ್ಲಿ ಈಗ ಮೂರು ಜನರ ಅಕ್ಷರ ಇದೆ. ಕಳೆದ ಸಲದ್ದು ತಮ್ಮನ ಮಗಳು ಬರೆದದ್ದು: "ಪಣತಿ 6 ಒಡೆದವು. ಬತ್ತಿ ಉಳಿದಾವ. ಚೂಡಾ ಸಾಲಲಿಲ್ಲ, ದೊಡ್ಡಪ್ಪ ರಾತ್ರಿ ತಿಂತಾರ."